93 ಹಕ್ಕಿ ಅಲ್ಲಿ, 93 ಹಕ್ಕಿ ಇಲ್ಲಿ: ಮರಳಿ ತಂದ ಹದ್ದುಗಳನ್ನು ಕೊಲ್ಲುವವರ ಕುರಿತು

ಬಾನಾಡಿ

ಬಹಳ ದಿನಗಳಿಂದ ಒಂದು ಲೆಕ್ಕ ತಲೆಯಲ್ಲಿ ಕೊರೆಯುತ್ತಿದೆ. ಅದನ್ನು ಇಲ್ಲಿ ಇಡುತ್ತೇನೆ.

ರೆಡ್ ಕೈಟ್ ಎಂಬ ಕೆಂಗಂದು ಬಣ್ಣದ, ಕವಲುಬಾಲದ ಹದ್ದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡರಲ್ಲೂ 19ನೇ ಶತಮಾನದಲ್ಲೇ ಅಳಿದುಹೋಗಿತ್ತು. ಬಂದೂಕು, ಬೋನು, ವಿಷ, ಮೂರೂ ಸೇರಿ ಅದನ್ನು ಮುಗಿಸಿದ್ದವು. ವೇಲ್ಸ್‌ನ ಕಣಿವೆಗಳಲ್ಲಿ ಮಾತ್ರ ಬೆರಳೆಣಿಕೆಯಷ್ಟು ಜೋಡಿಗಳು ಉಳಿದಿದ್ದವು. 1989ರಲ್ಲಿ ಅದನ್ನು ಮರಳಿ ತರುವ ಕೆಲಸ ಎರಡು ಕಡೆ ಒಟ್ಟಿಗೆ ಆರಂಭವಾಯಿತು. ಸ್ವೀಡನ್ನಿನಿಂದ ತಂದ ಮರಿಗಳನ್ನು ಸ್ಕಾಟ್ಲೆಂಡಿನ ಉತ್ತರದಲ್ಲಿರುವ ಬ್ಲ್ಯಾಕ್ ಐಲ್‌ನಲ್ಲಿ ಬಿಟ್ಟರು. ಇಂಗ್ಲೆಂಡಿನ ದಕ್ಷಿಣದ ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟ ಮರಿಗಳು ಹೆಚ್ಚಾಗಿ ಸ್ಪೇನ್‌ನಿಂದ ಬಂದವು. ಕೆಲವೇ ವರ್ಷಗಳಲ್ಲಿ ಎರಡೂ ಕಡೆ ಬಿಟ್ಟ ಹಕ್ಕಿಗಳ ಸಂಖ್ಯೆ ಒಂದೇ, ತಲಾ 93.

2006ರ ಹೊತ್ತಿಗೆ ಚಿಲ್ಟರ್ನ್‌ನಲ್ಲಿ 300ಕ್ಕೂ ಹೆಚ್ಚು ಜೋಡಿಗಳು ಗೂಡು ಕಟ್ಟುತ್ತಿದ್ದವು. ಬ್ಲ್ಯಾಕ್ ಐಲ್‌ನಲ್ಲಿ 41.

ಸ್ಕಾಟ್ಲೆಂಡಿನ ಹಕ್ಕಿಗಳು ಮೊಟ್ಟೆ ಇಡುವುದರಲ್ಲಿ, ಮರಿ ಬೆಳೆಸುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಗೂಡಿನಿಂದ ಮರಿಗಳು ಚೆನ್ನಾಗಿಯೇ ಹಾರುತ್ತಿದ್ದವು. ಹಾರಿದ ಮೇಲೆ ಬದುಕುತ್ತಿರಲಿಲ್ಲ. ಸತ್ತು ಸಿಕ್ಕ ಹಕ್ಕಿಗಳಲ್ಲಿ ಸುಮಾರು ಶೇ. 40ರಷ್ಟು ಕಾನೂನುಬಾಹಿರವಾಗಿ, ಮುಖ್ಯವಾಗಿ ವಿಷದಿಂದ, ಕೊಲ್ಲಲ್ಪಟ್ಟಿದ್ದವು. ಆ ಹತ್ಯೆ ನಡೆಯದೆ ಇದ್ದಿದ್ದರೆ ಬ್ಲ್ಯಾಕ್ ಐಲ್‌ನಲ್ಲೂ 300ರ ಹತ್ತಿರ ಜೋಡಿಗಳು ಇರುತ್ತಿದ್ದವು ಎಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು.

ಒಂದು ನಾಡು ತಾನೇ ಅಳಿಸಿದ ಹಕ್ಕಿಯನ್ನು ಇನ್ನೊಂದು ನಾಡಿನ ಗೂಡಿನಿಂದ ಕೇಳಿ ತರುತ್ತದೆ, ಮರಿಗಳಿಗೆ ತಿಂಗಳುಗಟ್ಟಲೆ ಉಣಿಸಿ ಹಾರಲು ಬಿಡುತ್ತದೆ. ಅದೇ ನೆಲದಲ್ಲಿ ಯಾರೋ ಮೊಲದ ಹೊಟ್ಟೆ ಸೀಳಿ ವಿಷ ತುಂಬಿ ಬಯಲಲ್ಲಿ ಇಡುತ್ತಾರೆ. ಇದನ್ನು ಓದಿದ ದಿನದಿಂದ ನನಗೆ ಸಮಾಧಾನವಿಲ್ಲ. ತಿಳಿದವರು ಬರೆಯಿರಿ.

ಕುರಿಹಟ್ಟಿ

ಬಾನಾಡಿ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನಾನು ಕುರಿ ಸಾಕಿದ ಮನೆಯಲ್ಲಿ ಬೆಳೆದವನು. ಈಗಷ್ಟೇ ಹುಟ್ಟಿದ ಮರಿಯನ್ನು ಕಳೆದುಕೊಂಡ ಬೆಳಗು ಹೇಗಿರುತ್ತದೆ ಎಂದು ನೋಡಿದ್ದೇನೆ. ನಗರದಲ್ಲಿ ಕುಳಿತವರು ಹದ್ದು ತಂದು ಬಿಡುತ್ತಾರೆ, ನಷ್ಟವನ್ನು ಬೆಟ್ಟದವನು ಹೊರುತ್ತಾನೆ. ವಿಷ ಇಡುವುದು ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಅವನು ಆ ಹಂತಕ್ಕೆ ಯಾಕೆ ಬಂದ ಎಂದು ಯಾರೂ ಕೇಳುವುದಿಲ್ಲ.

ಗರಿಗಣ್ಣು

ಕುರಿಹಟ್ಟಿಯವರೇ, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಮೊದಲು ಯಾವ ಹಕ್ಕಿಯ ಮಾತು ಎಂದು ಬೇರ್ಪಡಿಸಿಕೊಳ್ಳೋಣ. ರೆಡ್ ಕೈಟ್ ನೋಡಲು ದೊಡ್ಡದು. ರೆಕ್ಕೆ ಬಿಚ್ಚಿದರೆ ಒಂದೂಮುಕ್ಕಾಲು ಮೀಟರ್ ಅಗಲ, ತೂಕ ಮಾತ್ರ ಒಂದು ಕಿಲೋ ಆಸುಪಾಸು. ಕಾಲು ಬಲಹೀನ. ಕುರಿಮರಿಯನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ. ಸತ್ತ ಪ್ರಾಣಿ, ಎರೆಹುಳು, ಇಲಿ, ಇವು ಅದರ ಊಟ. ಕುರಿಮರಿಯ ಹೆಣದ ಮೇಲೆ ಅದು ಕುಳಿತಿರುವುದನ್ನು ಕಂಡವರು ಅದೇ ಕೊಂದಿತು ಎಂದುಕೊಂಡರು. ನೂರಾರು ವರ್ಷ ಆ ಅಪವಾದವನ್ನು ಅದು ಹೊತ್ತಿತು.

ಬಿಳಿಬಾಲದ ಕಡಲಹದ್ದಿನ ವಿಷಯ ಬೇರೆ. ಅದು ನಿಜಕ್ಕೂ ಬೃಹತ್ ಹಕ್ಕಿ. ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಕೆಲವು ಜೋಡಿಗಳು ಬದುಕಿರುವ ಕುರಿಮರಿಗಳನ್ನೂ ಒಯ್ಯುತ್ತವೆ. ಅದನ್ನು ಮುಚ್ಚಿಟ್ಟು ವಾದ ಮಾಡಬಾರದು. ಅಲ್ಲಿ ಸರ್ಕಾರದ ಪ್ರಕೃತಿ ಇಲಾಖೆಯೇ ಒಂದು ಯೋಜನೆ ನಡೆಸುತ್ತದೆ. ಮರಿ ಹಾಕುವ ಕಾಲದಲ್ಲಿ ಹೆಚ್ಚಿನ ಕಾವಲಿಗೆ, ಕುರಿಗಳನ್ನು ಬೇರೆಡೆಗೆ ಸಾಗಿಸುವುದಕ್ಕೆ ಸಾಕಣೆದಾರರಿಗೆ ಹಣ ಸಿಗುತ್ತದೆ. ಅದು ಸಾಲದು ಎನ್ನುವವರಿದ್ದಾರೆ, ಅವರ ಮಾತನ್ನೂ ಕೇಳಬೇಕು.

ಕುರಿಹಟ್ಟಿ

ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ನಾನು ಎಲ್ಲವನ್ನೂ ಹದ್ದು ಎಂದೇ ನೋಡುತ್ತಿದ್ದೆ.

ಮೂಡುಗಾಳಿ

ಐರ್ಲೆಂಡಿನ ಕಥೆ ಇಲ್ಲಿ ಹೇಳಲೇಬೇಕು. 2007ರಲ್ಲಿ ನಾರ್ವೆಯಿಂದ ಬಿಳಿಬಾಲದ ಹದ್ದಿನ ಮರಿಗಳು ಕೆರ್ರಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕುರಿ ಸಾಕುವವರು ಅಲ್ಲಿಯೇ ಪ್ರತಿಭಟನೆ ಮಾಡಿದರು. ಕಿಲ್ಲಾರ್ನಿ ರಾಷ್ಟ್ರೀಯ ಉದ್ಯಾನದಲ್ಲಿ 2011ರವರೆಗೆ 100 ಹಕ್ಕಿಗಳನ್ನು ಬಿಟ್ಟರು. ಮೊದಲ ವರ್ಷಗಳಲ್ಲಿ ಒಂದರ ಹಿಂದೆ ಒಂದು ವಿಷಕ್ಕೆ ಬಲಿಯಾದವು. ಅಲ್ಲಿ ವಿಷ ಇಟ್ಟವರಲ್ಲಿ ಹೆಚ್ಚಿನವರು ಹದ್ದಿಗಾಗಿ ಇಟ್ಟಿರಲಿಲ್ಲ. ಕುರಿ ಮರಿ ಹಾಕುವ ಕಾಲದಲ್ಲಿ ನರಿಗೆ, ಕಾಗೆಗೆ ಮಾಂಸದಲ್ಲಿ ವಿಷ ಇಡುವುದು ಆಗ ಅಲ್ಲಿನ ರೂಢಿ. ಹದ್ದು ಸತ್ತದ್ದನ್ನು ತಿನ್ನುವ ಹಕ್ಕಿ. ವಿಷಕ್ಕೆ ಹೆಸರು ಗೊತ್ತಿಲ್ಲ, ಯಾರು ಬಂದು ತಿಂದರೂ ಅದು ಕೊಲ್ಲುತ್ತದೆ. ಆಮೇಲೆ 2010ರಲ್ಲಿ ಮಾಂಸದಲ್ಲಿ ವಿಷವಿಡುವುದನ್ನು ನಿಷೇಧಿಸಿದರು.

2012ರಲ್ಲಿ ಕ್ಲೇರ್ ಕೌಂಟಿಯ ಮೌಂಟ್‌ಶಾನನ್ ಬಳಿ ಒಂದು ಜೋಡಿ ಗೂಡು ಕಟ್ಟಿತು, ಮರುವರ್ಷ ಮರಿಗಳು ಹಾರಿದವು. ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಆ ನೆಲದಲ್ಲಿ ಹುಟ್ಟಿ ಹಾರಿದ ಮೊದಲ ಮರಿಗಳು ಅವು. ಅವುಗಳಲ್ಲಿ ಒಂದನ್ನು ಕೆಲವೇ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಈ ಸಾಲು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಹೊಸಗೂಡು

ಒಂದು ಅನುಮಾನ. ಹಕ್ಕಿಗಳು ಹೇಗೂ ಸಾಯುತ್ತವೆ. ವಿದ್ಯುತ್ ತಂತಿ, ವಾಹನ, ಹಸಿವು, ಚಳಿ. ವರ್ಷಕ್ಕೆ ನಾಲ್ಕಾರು ಹಕ್ಕಿಗಳನ್ನು ಯಾರೋ ಕೊಂದರೆ ಇಡೀ ಸಂತತಿಯೇ ನಿಂತುಹೋಗುತ್ತದೆಯೇ?

ಬಾನಾಡಿ

ಗುಬ್ಬಚ್ಚಿಯ ವಿಷಯದಲ್ಲಿ ನಿಂತುಹೋಗಲಿಕ್ಕಿಲ್ಲ. ದೊಡ್ಡ ಬೇಟೆ ಹಕ್ಕಿಯ ವಿಷಯದಲ್ಲಿ ನಿಲ್ಲುತ್ತದೆ. ಕಡಲಹದ್ದು ಮೊದಲ ಬಾರಿ ಗೂಡು ಕಟ್ಟುವ ವಯಸ್ಸಿಗೆ ಬರಲು ಸುಮಾರು ಐದು ವರ್ಷ ಬೇಕು. ಗಡ್ಡದ ರಣಹದ್ದಿಗೆ ಇನ್ನೂ ಹೆಚ್ಚು. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ರಣಹದ್ದು ಆರೇಳು ವರ್ಷ ಕಾದು, ಆಮೇಲೆ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಇವು ಬಹಳ ಕಾಲ ಬದುಕಿ ನಿಧಾನವಾಗಿ ಮರಿ ಮಾಡುವ ಹಕ್ಕಿಗಳು. ಬೆಳೆದ ಒಂದು ಹಕ್ಕಿ ಹೋದರೆ ಆ ಜಾಗ ತುಂಬಲು ಐದಾರು ವರ್ಷ, ಅದೂ ಇನ್ನೊಂದು ಮರಿ ಅಷ್ಟು ದಿನ ಬದುಕಿದ್ದರೆ. ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ 1975ರಿಂದ 1985ರವರೆಗೆ ನಾರ್ವೆಯ 82 ಕಡಲಹದ್ದುಗಳನ್ನು ಬಿಟ್ಟರು. ಕಾಡಿನಲ್ಲೇ ಹುಟ್ಟಿದ ಮೊದಲ ಮರಿ ಹಾರಿದ್ದು 1985ರಲ್ಲಿ. ಹತ್ತು ವರ್ಷದ ದುಡಿಮೆಗೆ ಒಂದು ಮರಿ. ಆ ಹಂತದಲ್ಲಿ ನಾಲ್ಕು ಹಕ್ಕಿ ಸತ್ತರೆ ಅದು ಸಣ್ಣ ಸಂಖ್ಯೆಯೇ?

ಇನ್ನೊಂದು ವಿಷಯ. ರೆಡ್ ಕೈಟ್ ತಾನು ಹುಟ್ಟಿದ ಜಾಗದ ಸುತ್ತಮುತ್ತಲೇ ಗೂಡು ಕಟ್ಟಲು ಮರಳುತ್ತದೆ. ಹಾಗಾಗಿ ಒಂದು ಪ್ರದೇಶದ ಅಂಚಿನಲ್ಲಿ ವಿಷವಿದ್ದರೆ, ಆಚೆಗೆ ಹೊರಟ ಮರಿಗಳು ಸಾಯುತ್ತಲೇ ಇರುತ್ತವೆ, ಸಂತತಿ ಅಂಚನ್ನು ದಾಟುವುದೇ ಇಲ್ಲ.

ಗರಿಗಣ್ಣು

ಚಳಿಗಾಲದಲ್ಲಿ ಇವು ಗುಂಪಾಗಿ ಒಂದೇ ತೋಪಿನಲ್ಲಿ ರಾತ್ರಿ ಕಳೆಯುತ್ತವೆ. ಒಂದು ಹಕ್ಕಿಗೆ ಹೆಣ ಕಂಡರೆ ಉಳಿದವು ಹಿಂದೆಯೇ ಬರುತ್ತವೆ. 2014ರ ಮಾರ್ಚ್‌ನಲ್ಲಿ ಬ್ಲ್ಯಾಕ್ ಐಲ್ ಹತ್ತಿರದ ಕಾನನ್ ಬ್ರಿಡ್ಜ್ ಎಂಬ ಊರಿನ ಬಳಿ ಆದದ್ದು ಇದೇ. ಕೆಲವೇ ವಾರಗಳಲ್ಲಿ 16 ರೆಡ್ ಕೈಟ್, 6 ಬಜಾರ್ಡ್ (ಅದೂ ಒಂದು ಬೇಟೆ ಹಕ್ಕಿ) ಹೆಣಗಳು ಸಿಕ್ಕವು. ಹೆಚ್ಚಿನವುಗಳಲ್ಲಿ ವಿಷ ದೃಢಪಟ್ಟಿತು. ಹಕ್ಕಿಗಳನ್ನು ಗುರಿಯಾಗಿಸಿ ವಿಷ ಇಟ್ಟಂತೆ ಕಾಣುವುದಿಲ್ಲ, ಬೇರೆ ಪ್ರಾಣಿಗೆ ಇಟ್ಟದ್ದಿರಬಹುದು ಎಂದು ಪೊಲೀಸರು ಹೇಳಿದಾಗ ಜನ ಬಹಳ ನೊಂದರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಓದಲು ಆ ದೇಶಕ್ಕೆ ಹೋಗಿದ್ದಾಗ ಎರಡು ಬೇಸಿಗೆ ನಾನು ಹಕ್ಕಿ ಎಣಿಸುವ ಸ್ವಯಂಸೇವಕಿಯಾಗಿದ್ದೆ. ಒಂದು ಬೆಳಿಗ್ಗೆ ಬೇಲಿ ಪಕ್ಕದ ಹುಲ್ಲಿನಲ್ಲಿ ಒಂದು ಕೈಟ್ ಬೋರಲಾಗಿ ಬಿದ್ದಿತ್ತು. ರೆಕ್ಕೆ ಅರ್ಧ ಬಿಚ್ಚಿಕೊಂಡಿತ್ತು, ಹಾರಲು ಹೊರಟು ಅಲ್ಲೇ ನಿಂತ ಹಾಗೆ. ಎರಡೂ ಪಾದಗಳ ಉಗುರುಗಳು ಬಿಗಿಯಾಗಿ ಮುಷ್ಟಿ ಕಟ್ಟಿದ್ದವು. ಒಂದರೊಳಗೆ ಹುಲ್ಲಿನ ಎಸಳುಗಳು ಬೇರುಸಮೇತ ಸಿಕ್ಕಿಕೊಂಡಿದ್ದವು. ಕೊಕ್ಕಿನ ಬದಿಯಲ್ಲಿ ಮಾಂಸದ ಒಂದು ಎಳೆ ಇನ್ನೂ ಇತ್ತು, ನುಂಗಿರಲಿಲ್ಲ. ಕಣ್ಣಿನ ಮೇಲೆ ಇಬ್ಬನಿ. ಅದರ ಸುತ್ತ ಸತ್ತ ನೊಣಗಳು ಬಿದ್ದಿದ್ದವು. ನನ್ನ ಜೊತೆಗಿದ್ದ ಹಿರಿಯರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ನೊಣ ಸತ್ತಿದೆ ಎಂದರೆ ಹತ್ತಿರ ಹೋಗಬೇಡ ಎಂದರು.

ಸೂಕ್ಷ್ಮದರ್ಶಕ

ಗರಿಗಣ್ಣು ಅವರು ವಿವರಿಸಿದ ಮುಷ್ಟಿ ಕಟ್ಟಿದ ಉಗುರು ಕಾರ್ಬೋಫ್ಯೂರಾನ್‌ನಂಥ ಕೀಟನಾಶಕದ ಗುರುತು. ನರದಿಂದ ಸ್ನಾಯುವಿಗೆ ಸಂದೇಶ ಹೋದ ಮೇಲೆ ಆ ಸಂದೇಶದ ರಾಸಾಯನಿಕವನ್ನು ಒಡೆದು ಹಾಕುವ ಒಂದು ಕಿಣ್ವ ದೇಹದಲ್ಲಿದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ, ಸ್ನಾಯು ಸಡಿಲವಾಗುವುದೇ ಇಲ್ಲ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಇದು ಎಷ್ಟು ಬೇಗ ಆಗುತ್ತದೆ ಎಂದರೆ ಹಕ್ಕಿ ತಿಂದ ಜಾಗದ ಹತ್ತಿರದಲ್ಲೇ ಬೀಳುತ್ತದೆ. ಗಂಟಲ ಬುಡದ ಆಹಾರದ ಚೀಲದಲ್ಲಿ ಮಾಂಸ ಜೀರ್ಣವಾಗದೆ ಉಳಿದಿರುತ್ತದೆ. ಪ್ರಯೋಗಾಲಯಕ್ಕೆ ಅದೇ ಸಾಕ್ಷಿ.

ಬ್ರಿಟನ್ನಿನಲ್ಲಿ ಕಾರ್ಬೋಫ್ಯೂರಾನ್ ಬಳಕೆಗೆ ಇದ್ದ ಅನುಮತಿ 2001ರಲ್ಲೇ ಮುಗಿಯಿತು. ಸ್ಕಾಟ್ಲೆಂಡಿನಲ್ಲಿ 2005ರಿಂದ ಅದನ್ನು ಮನೆಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟುಕೊಳ್ಳುವುದೂ ಅಪರಾಧ. ಆಮೇಲೂ ಹಕ್ಕಿಗಳ ಹೊಟ್ಟೆಯಲ್ಲಿ ಅದೇ ಸಿಗುತ್ತಿದೆ. ಮರೆತು ಉಳಿದ ಡಬ್ಬಿ ಎಂಬ ಸಮಜಾಯಿಷಿಯನ್ನು ಇಷ್ಟು ವರ್ಷಗಳ ಮೇಲೆ ನಾನು ನಂಬಲಾರೆ.

ಹೊಸಗೂಡು

ಇಷ್ಟೆಲ್ಲ ಸಾಕ್ಷಿ ಸಿಕ್ಕರೂ ಯಾಕೆ ಯಾರಿಗೂ ಶಿಕ್ಷೆಯಾಗುವುದಿಲ್ಲ?

ನ್ಯಾಯದಾರಿ

ಹಕ್ಕಿಗೆ ವಿಷ ಬಿದ್ದಿದೆ ಎಂದು ಸಾಬೀತು ಮಾಡುವುದು ಸುಲಭ. ಆ ವಿಷವನ್ನು ಇಂಥ ಕೈ ಇಟ್ಟಿತು ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಸಾವಿರಾರು ಎಕರೆ ಬೆಟ್ಟ, ಹತ್ತಿರದಲ್ಲಿ ಮನೆಯಿಲ್ಲ, ರಸ್ತೆಯಿಲ್ಲ, ಕಣ್ಣಾರೆ ಕಂಡವರಿಲ್ಲ. ಹೆಣ ಸಿಗುವುದೇ ಅಪರೂಪ, ಸಿಕ್ಕರೂ ಕೆಲವು ದಿನ ಕಳೆದಿರುತ್ತದೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಬೇಕು.

ಸ್ಕಾಟ್ಲೆಂಡಿನವರು ಇದಕ್ಕೆ ಹಂತಹಂತವಾಗಿ ದಾರಿ ಹುಡುಕಿದ್ದಾರೆ. 2012ರ ಜನವರಿಯಿಂದ ಅಲ್ಲಿ ಕೆಲಸದವನು ಹಕ್ಕಿ ಕೊಂದರೆ, ಅದನ್ನು ತಡೆಯಲು ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಲಾಗದ ಜಮೀನಿನ ಮಾಲೀಕನೂ ಹೊಣೆಗಾರ. ಇಂಗ್ಲೆಂಡಿನಲ್ಲಿ ಈ ನಿಯಮ ಇಲ್ಲ. 2020ರ ಕಾಯ್ದೆಯಲ್ಲಿ ಸ್ಕಾಟ್ಲೆಂಡ್ ಗರಿಷ್ಠ ಶಿಕ್ಷೆಯನ್ನು ಐದು ವರ್ಷ ಜೈಲಿಗೆ ಏರಿಸಿತು. ಅದರಿಂದ ಪೊಲೀಸರಿಗೆ ಶೋಧನೆ, ಕಣ್ಗಾವಲಿನ ವಿಷಯದಲ್ಲಿ ಪ್ರಕರಣದ ತೂಕವೂ ಹೆಚ್ಚಾಯಿತು. 2024ರ ಕಾಯ್ದೆಯಂತೆ ಗ್ರೌಸ್ ಹಕ್ಕಿಯ ಶಿಕಾರಿ ನಡೆಸಲು ಪರವಾನಗಿ ಬೇಕು. ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಪರವಾನಗಿ ಅಮಾನತು ಮಾಡಲು ಕ್ರಿಮಿನಲ್ ಮಟ್ಟದ ರುಜುವಾತು ಬೇಕಿಲ್ಲ, ಸಿವಿಲ್ ಮಟ್ಟದ್ದು, ಅಂದರೆ ಹಾಗೆ ಆಗಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ, ಸಾಕು.

ಮೂಡುಗಾಳಿ

ಗ್ರೌಸ್ ಶಿಕಾರಿಗೂ ಹದ್ದಿಗೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಅಲ್ಲಿ ದೊಡ್ಡ ಎಸ್ಟೇಟುಗಳು ಗ್ರೌಸ್ ಎಂಬ ಕೋಳಿಯ ಜಾತಿಯ ಹಕ್ಕಿಯನ್ನು ಬೆಟ್ಟಗಳಲ್ಲಿ ಸಾಧ್ಯವಾದಷ್ಟು ಹೆಚ್ಚಿಸಿ, ದುಬಾರಿ ಹಣ ಕೊಟ್ಟು ಬರುವವರಿಗೆ ಶಿಕಾರಿ ಮಾಡಿಸುತ್ತವೆ. ಹದ್ದು ಗ್ರೌಸ್ ತಿನ್ನುತ್ತದೆ, ಮೇಲೆ ಹಾರಿದರೆ ಸಾಕು, ಗ್ರೌಸ್ ಗುಂಪು ಚದುರುತ್ತದೆ. ಎಷ್ಟು ಹಕ್ಕಿ ಬಿದ್ದವು ಎಂಬುದರ ಮೇಲೆ ಎಸ್ಟೇಟಿನ ಬೆಲೆ ನಿಂತಿರುತ್ತದೆ. ಗ್ರೌಸ್ ಕಾಯಲು ಎಸ್ಟೇಟುಗಳು ಇಟ್ಟುಕೊಂಡ ಎಲ್ಲ ಕಾವಲುಗಾರರೂ ಹದ್ದು ಕೊಲ್ಲುತ್ತಾರೆ ಎಂದು ನಾನು ಹೇಳುವುದಿಲ್ಲ, ಹದ್ದಿನ ಗೂಡನ್ನು ಪ್ರೀತಿಯಿಂದ ಕಾಯುವ ಎಸ್ಟೇಟುಗಳೂ ಇವೆ. ಕುರಿ ಸಾಕುವವನ ಮೇಲೆ ಬೀಳುವ ಬೈಗುಳದಲ್ಲಿ ದೊಡ್ಡ ಪಾಲು ಬೇರೆಯವರಿಗೆ ಸೇರಬೇಕಾದದ್ದು ಎಂಬುದನ್ನು ಮಾತ್ರ ಹೇಳುತ್ತೇನೆ.

ಕುರಿಹಟ್ಟಿ

ಇದನ್ನು ಹೇಳಿದ್ದಕ್ಕೆ ಧನ್ಯವಾದ. ನನ್ನ ಕೋಪ ಅರ್ಧ ಇಳಿಯಿತು.

ಹದ್ದು ಎಲ್ಲಿದೆ ಎಂದು ತಿಳಿಯಲು ಅದಕ್ಕೆ ಕಟ್ಟುವ ಉಪಗ್ರಹ ಟ್ಯಾಗ್ ಬಗ್ಗೆ ಕೇಳಬೇಕು. ಟ್ಯಾಗ್ ಸಂಕೇತ ನಿಂತ ಕೂಡಲೇ ಹಕ್ಕಿಯನ್ನು ಕೊಂದರು ಎಂದು ಸುದ್ದಿಯಾಗುತ್ತದೆ. ಯಂತ್ರ ಕೆಡುವುದಿಲ್ಲವೇ? ಬ್ಯಾಟರಿ ಮುಗಿದಿರಬಹುದು.

ಗರಿಗಣ್ಣು

ಕೆಡುತ್ತದೆ. ಅದಕ್ಕಾಗಿಯೇ ಸ್ಕಾಟಿಷ್ ಸರ್ಕಾರ ಒಂದು ವಿವರವಾದ ತನಿಖೆ ಮಾಡಿಸಿತು. 2017ರಲ್ಲಿ ಹೊರಬಂದ ವರದಿಯಲ್ಲಿ 131 ಗೋಲ್ಡನ್ ಈಗಲ್ ಎಂಬ ದೊಡ್ಡ ಹದ್ದುಗಳ ಟ್ಯಾಗ್ ಮಾಹಿತಿಯನ್ನು ಪರಿಶೀಲಿಸಿದ್ದರು. ಅವುಗಳಲ್ಲಿ 41 ಅನುಮಾನಾಸ್ಪದವಾಗಿ ಕಾಣೆಯಾಗಿದ್ದವು. ಬ್ಯಾಟರಿ ಕೆಡುವುದಾದರೆ ಎಲ್ಲ ಕಡೆ ಒಂದೇ ತೆರನಾಗಿ ಕೆಡಬೇಕು. ಈ ಹಕ್ಕಿಗಳು ಕಾಣೆಯಾದ ಜಾಗಗಳು ಕೆಲವು ಗ್ರೌಸ್ ಬೆಟ್ಟಗಳ ಸುತ್ತ ಗುಂಪುಗೂಡಿದ್ದವು. ಕೆಡುವ ಟ್ಯಾಗ್ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ, ವೋಲ್ಟೇಜ್ ಇಳಿಯುತ್ತದೆ, ಮಾಹಿತಿ ತಡವಾಗಿ ಬರುತ್ತದೆ. ಇವು ಸರಿಯಾಗಿ ಕೆಲಸ ಮಾಡುತ್ತಿದ್ದು ಒಮ್ಮೆಲೇ ನಿಂತವು.

2020ರಲ್ಲಿ ಸ್ಕಾಟ್ಲೆಂಡಿನ ಬ್ರಾನ್ ನದಿಯ ದಡದಲ್ಲಿ ನಡೆಯುತ್ತಿದ್ದವರಿಗೆ ಸೀಸದ ಹಾಳೆಯಲ್ಲಿ ಸುತ್ತಿದ ಒಂದು ವಸ್ತು ಸಿಕ್ಕಿತು. ಬಿಚ್ಚಿ ನೋಡಿದರೆ 2016ರಲ್ಲಿ ಕಾಣೆಯಾದ ಹದ್ದಿನ ಟ್ಯಾಗ್. ಪಟ್ಟಿಗಳನ್ನು ಕತ್ತರಿಸಿದ್ದರು. ಸಂಕೇತ ಹೊರಗೆ ಹೋಗಬಾರದೆಂದು ಸೀಸ ಸುತ್ತಿದ್ದರು. ಬ್ಯಾಟರಿ ತಾನಾಗಿ ಸೀಸ ಸುತ್ತಿಕೊಳ್ಳುವುದಿಲ್ಲ.

ಮರಳಿ ನೆಲೆಗೊಳಿಸಿದ ಹಕ್ಕಿಯ ಮಾತಿಗೆ ಬರುತ್ತೇನೆ. ದಕ್ಷಿಣ ಸ್ಕಾಟ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು ಜೋಡಿ ಗೋಲ್ಡನ್ ಈಗಲ್ ಉಳಿದಿದ್ದಾಗ, 2018ರಿಂದ ಉತ್ತರದ ಬೆಟ್ಟಗಳಿಂದ ಮರಿಗಳನ್ನು ತಂದು ಬಿಡತೊಡಗಿದರು. ಅವುಗಳಲ್ಲಿ ಮೆರಿಕ್ ಎಂಬ ಹೆಣ್ಣುಹದ್ದು 2023ರ ಅಕ್ಟೋಬರ್‌ನಲ್ಲಿ ಮೂರ್‌ಫುಟ್ ಬೆಟ್ಟಗಳ ಕಡೆ ರಾತ್ರಿ ಒಂದು ಮರದಲ್ಲಿ ತಂಗಿತ್ತು. ಆಮೇಲೆ ಸಂಕೇತ ಇಲ್ಲ. ಹುಡುಕಿಕೊಂಡು ಹೋದವರಿಗೆ ಆ ಮರದ ಬುಡದಲ್ಲೇ ಗರಿ ಮತ್ತು ರಕ್ತ ಕಂಡವು. ಗುಂಡಿಟ್ಟು ಕೊಂದು, ದೇಹ ಒಯ್ದು, ಟ್ಯಾಗ್ ನಾಶ ಮಾಡಿದ್ದಾರೆ ಎಂಬ ತೀರ್ಮಾನಕ್ಕೆ ಪೊಲೀಸರು ಬಂದರು.

ಬಾನಾಡಿ

ಮರದ ಬುಡದಲ್ಲಿ. ಅಂದರೆ ಅದು ನಿದ್ದೆಯಲ್ಲಿತ್ತು.

ನ್ಯಾಯದಾರಿ

ನಾವು ಬ್ರಿಟನ್ನನ್ನೇ ಹಿಡಿದುಕೊಂಡಿದ್ದೇವೆ. ಸ್ಪೇನ್‌ನ ಆಂಡಲೂಸಿಯಾದಿಂದ ಕಲಿಯುವುದು ಬಹಳ ಇದೆ. ಅಲ್ಲಿ ಗಡ್ಡದ ರಣಹದ್ದು ಅಳಿದುಹೋದದ್ದಕ್ಕೆ ವಿಷ ಒಂದು ದೊಡ್ಡ ಕಾರಣ. 2006ರಲ್ಲಿ ಕಸೋರ್ಲ ಬೆಟ್ಟಗಳಲ್ಲಿ ಮರಿಗಳನ್ನು ಬಿಡಲು ಆರಂಭಿಸುವ ಮೊದಲೇ ಅವರು ವಿಷದ ವಿರುದ್ಧ ಕೆಲಸ ಶುರು ಮಾಡಿದ್ದರು. ವಿಷದ ವಾಸನೆ ಹಿಡಿಯಲು ತರಬೇತಾದ ನಾಯಿಗಳ ದಳ ಕಟ್ಟಿದರು. ಈ ನಾಯಿಗಳು ಹೆಣವನ್ನೂ ಹುಡುಕುತ್ತವೆ, ಇನ್ನೂ ಯಾರೂ ತಿನ್ನದ ವಿಷಮಾಂಸವನ್ನೂ ಹುಡುಕುತ್ತವೆ. ಮುಂದಿನ ಸಾವನ್ನು ಮೊದಲೇ ತಡೆಯುವುದು ಇದೊಂದರಿಂದಲೇ ಸಾಧ್ಯ. ಹಕ್ಕಿ ಬಿಡುವ ಯಾವ ಯೋಜನೆಯಾದರೂ ಗೂಡಿಗೆ ಮೊದಲು ನಾಯಿಗೆ ಹಣ ಎತ್ತಿಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸೂಕ್ಷ್ಮದರ್ಶಕ

ಒಪ್ಪುತ್ತೇನೆ. ಇನ್ನೊಂದು ಬಗೆಯ ವಿಷ ಇದೆ, ಅದರಲ್ಲಿ ನಾಯಿಯ ಮೂಗೂ ಸೋಲುತ್ತದೆ. ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ 2019ರಿಂದ ಬಿಳಿಬಾಲದ ಹದ್ದುಗಳನ್ನು ಬಿಡುತ್ತಿದ್ದಾರೆ. ಆ ದ್ವೀಪದಲ್ಲಿ ಅವು ಕೊನೆಯದಾಗಿ ಗೂಡು ಕಟ್ಟಿದ್ದು 1780ರಲ್ಲಿ. ಆ ಯೋಜನೆಯ ಒಂದು ಹದ್ದು 2022ರ ಜನವರಿಯಲ್ಲಿ ಡಾರ್ಸೆಟ್‌ನಲ್ಲಿ ಸತ್ತು ಸಿಕ್ಕಿತು. ಯಕೃತ್ತಿನಲ್ಲಿ ಬ್ರೋಡಿಫಾಕಮ್ ಎಂಬ ಇಲಿಪಾಷಾಣದ ಪ್ರಮಾಣ ಬಹಳ ಹೆಚ್ಚಿತ್ತು. ಯಾರಾದರೂ ಬೇಕೆಂದೇ ಇಟ್ಟರೇ, ವಿಷ ತಿಂದ ಇಲಿಗಳನ್ನು ತಿಂದು ಸತ್ತಿತೇ ಎಂಬುದು ತೀರ್ಮಾನವಾಗಲಿಲ್ಲ. ಪೊಲೀಸರು ತನಿಖೆ ಮುಚ್ಚಿದರು.

ಕುರಿಹಟ್ಟಿ

ಇಲಿಪಾಷಾಣ ಕಾನೂನುಬದ್ಧವಾಗಿಯೇ ಸಿಗುತ್ತದಲ್ಲ. ಧಾನ್ಯ ಇಟ್ಟ ಕೊಟ್ಟಿಗೆಯಲ್ಲಿ ಅದಿಲ್ಲದೆ ಸಾಗುವುದಿಲ್ಲ. ಸರಿಯಾಗಿ ಬಳಸುವವನಿಂದಲೂ ಹಕ್ಕಿ ಸಾಯುತ್ತದೆಯೇ?

ಸೂಕ್ಷ್ಮದರ್ಶಕ

ಸಾಯಬಹುದು. ಬ್ರೋಡಿಫಾಕಮ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂದವಾಗಿ ಹಗಲಲ್ಲೇ ಬಯಲಿಗೆ ಬಂದು ಓಡಾಡುತ್ತದೆ. ಹದ್ದಿಗೆ ಅದಕ್ಕಿಂತ ಸುಲಭದ ಬೇಟೆ ಇಲ್ಲ. ವಿಷ ಹದ್ದಿನ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹತ್ತು ಇಲಿ ತಿಂದರೆ ಹತ್ತರದೂ ಸೇರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ, ಕಟ್ಟಡದ ಒಳಗೆ ಮಾತ್ರ ಇಡಿ, ದಿನವೂ ಸುತ್ತ ನೋಡಿ ಸತ್ತ ಇಲಿಗಳನ್ನು ಕೈಗವಸು ಹಾಕಿ ಆರಿಸಿ ಸುಡಿ ಅಥವಾ ಆಳವಾಗಿ ಹೂಳಿ, ಇಲಿ ನಿಂತ ಕೂಡಲೇ ಉಳಿದ ವಿಷವನ್ನು ತೆಗೆಯಿರಿ. ವರ್ಷವಿಡೀ ಇಟ್ಟೇ ಬಿಡುವುದು ಅತಿ ಕೆಟ್ಟ ಅಭ್ಯಾಸ.

ಹೊಸಗೂಡು

ಸತ್ತ ಬೇಟೆ ಹಕ್ಕಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ನಾನು ಕಂಡಿದ್ದರೆ ಖಂಡಿತ ಎತ್ತಿಕೊಂಡು ಬರುತ್ತಿದ್ದೆ.

ಗರಿಗಣ್ಣು

ಎತ್ತಬೇಡಿ. ಮುಟ್ಟಲೂಬೇಡಿ, ಈ ವಿಷಗಳಲ್ಲಿ ಕೆಲವು ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತವೆ. ಜೊತೆಯಲ್ಲಿ ನಾಯಿಯೋ ಮಗುವೋ ಇದ್ದರೆ ಮೊದಲು ಅವರನ್ನು ದೂರ ಕಳಿಸಿ. ದೂರದಿಂದ ಒಂದು ಚಿತ್ರ, ಹತ್ತಿರದಿಂದ ಒಂದು ಚಿತ್ರ, ಸುತ್ತಲಿನ ನೆಲದ್ದು ಕೆಲವು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಮಾಂಸದ ತುಂಡು, ಸತ್ತ ಮೊಲ, ಸತ್ತ ಕಾಗೆ, ಸತ್ತ ನೊಣ ಇವೆಯೇ ನೋಡಿ, ಅವನ್ನೂ ಚಿತ್ರದಲ್ಲಿ ಸೇರಿಸಿ. ಮೊಬೈಲ್‌ನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ. ಕೊಂಬೆಯಿಂದ ಮುಚ್ಚುವುದು, ಕಲ್ಲು ಇಟ್ಟು ಗುರುತು ಮಾಡುವುದು ಬೇಡ, ಇಟ್ಟವನು ಮರಳಿ ಬಂದರೆ ಯಾರೋ ಕಂಡಿದ್ದಾರೆ ಎಂದು ತಿಳಿದು ಎಲ್ಲವನ್ನೂ ಸಾಗಿಸಿಬಿಡುತ್ತಾನೆ. ನಂತರ ಪೊಲೀಸರಿಗೆ ಅಥವಾ ವನ್ಯಜೀವಿ ಇಲಾಖೆಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅವರು ಬರುವವರೆಗೆ ಸಾಮಾಜಿಕ ಜಾಲತಾಣದಲ್ಲಿ ಜಾಗ ಹೇಳಬೇಡಿ.

ಅಂದು ನಾವು ಹಾಗೆಯೇ ಮಾಡಿದೆವು. ಎರಡು ಗಂಟೆ ರಸ್ತೆಯ ತಿರುವಿನಲ್ಲಿ ಕಾದೆವು. ಆ ಹೊತ್ತಿಗೆ ಮೇಲೆ ಇನ್ನೊಂದು ಕೈಟ್ ಬಂದು ಸುತ್ತತೊಡಗಿತು. ಸತ್ತದ್ದರ ಸಂಗಾತಿಯೋ, ಹೆಣದ ಸುಳಿವು ಹಿಡಿದು ಬಂದದ್ದೋ ತಿಳಿಯಲಿಲ್ಲ. ಅದು ಕೆಳಗಿಳಿಯದಂತೆ ಆ ಹಿರಿಯರು ಜಾಕೆಟ್ ಕಳಚಿ ಗಾಳಿಯಲ್ಲಿ ಬೀಸುತ್ತಾ ನಿಂತರು, ಅಧಿಕಾರಿಗಳ ವಾಹನ ಬರುವವರೆಗೂ.